ಹೆಪ್ಪುಗಟ್ಟದ ರಕ್ತ

ಕಲಾವಿಭಾಗದವನಾದ ನಾನು ವಿಜ್ಞಾನದ ವಿಷಯ ಬರೆಯಹೊರಟಿರುವುದಕ್ಕೆ ಕಾರಣವುಂಟು. ಎರಡು ವರ್ಷಗಳ ಹಿಂದೆ ಹೊಸನಗರ ತಾಲ್ಲೂಕಿನ ನಮ್ಮೂರಿನಲ್ಲಿ, ಅಡಿಕೆ ತೋಟಕ್ಕೆ ಸೊಪ್ಪು ಹೊರುತ್ತಿದ್ದ ಅಜ್ಜನಿಗೆ ಕೊಳಕುಮಂಡಲ ಕಚ್ಚಿತು. ನಾಟಿ ಮದ್ದಿನಲ್ಲಿ ಮೂರು ಗಂಟೆ ಕಳೆದು, ಕಡೆಗೆ ಸಾಗರದ ಆಸ್ಪತ್ರೆ ಸೇರಿದೆವು. ವೈದ್ಯರು ಅಜ್ಜನ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ ಹಿಡಿದು ಅಲುಗಿಸದೆ ಇಟ್ಟರು. 20 ನಿಮಿಷಗಳ ತರುವಾಯ ಓರೆಮಾಡಿದಾಗ ಅದು ನೀರಿನಂತೆ ಹರಿಯಿತು. ಕೂಡಲೇ ಪ್ರತಿವಿಷ ಏರಿಸಿದರು. ಅಜ್ಜ ಬದುಕಿದ. ಆ ನಳಿಕೆ ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಹಾಲು ಮೊಸರಾಗಲು ಹೆಪ್ಪು ಬೇಕಷ್ಟೆ. ರಕ್ತದಲ್ಲಿ ಹೆಪ್ಪಿನ ಕೆಲಸ ಥ್ರಾಂಬಿನ್ ಎಂಬ ಪ್ರೋಟೀನಿನದು. ಅದು ಫೈಬ್ರಿನೋಜನ್ ಎಂಬ ಮತ್ತೊಂದು ಪ್ರೋಟೀನನ್ನು ನೂಲಾಗಿಸಿ ಗಾಯಕ್ಕೆ ಬಲೆ ಕಟ್ಟುತ್ತದೆ. ಸದಾಕಾಲ ಥ್ರಾಂಬಿನ್ ಇದ್ದರೆ ಅಪಾಯ. ಆದುದರಿಂದ ಅದು ಪ್ರೋಥ್ರಾಂಬಿನ್ ಎಂಬ ರೂಪದಲ್ಲಿ ಸುಮ್ಮನಿರುತ್ತದೆ. ಗಾಯವಾದಾಗ ‘ಹತ್ತನೆಯ ಅಂಶ’ವೆಂಬ ಪ್ರೋಟೀನು ಎಚ್ಚೆತ್ತು ಅದನ್ನು ಕತ್ತರಿಸುತ್ತದೆ. ಒಂಟಿಯಾಗಿ ಈ ಕತ್ತರಿ ಬಹು ಮಂದ. ‘ಐದನೆಯ ಅಂಶ’ ಮತ್ತು ಕ್ಯಾಲ್ಸಿಯಂ ಜೊತೆಗೂಡಿ ಜೀವಕಣದ ಪೊರೆಯ ಮೇಲೆ ಕೂಟ ಕಟ್ಟಿದಾಗ ಅದರ ವೇಗ ಸುಮಾರು 3 ಲಕ್ಷ ಪಟ್ಟು ಹೆಚ್ಚುತ್ತದೆ!

ಕೊಳಕುಮಂಡಲದ ವಿಷ ಈ ಎರಡು ಅಂಶಗಳನ್ನೂ ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸುತ್ತದೆ. ಮೈಯೊಳಗೆ ಸಣ್ಣ ಸಣ್ಣ ಹೆಪ್ಪು ಕಟ್ಟಿ ಕರಗುತ್ತ ಫೈಬ್ರಿನೋಜನ್ ತೀರಿಹೋಗುತ್ತದೆ. ಹೆಪ್ಪುಗಟ್ಟಿಸುವ ವಿಷವೇ ಕಡೆಗೆ ಹೆಪ್ಪುಗಟ್ಟದಂತೆ ಮಾಡುವ ವೈಚಿತ್ರ್ಯವಿದು.

ಈ ಕೂಟಗಳು ಕಣ್ಣಿಗೆ ಕಾಣುವಂಥವಲ್ಲ. 2007ರಲ್ಲಿ ಜಪಾನಿನ ವಿಜ್ಞಾನಿಗಳು ಹತ್ತನೆಯ ಅಂಶವನ್ನು ಎಬ್ಬಿಸುವ ವಿಷಪ್ರೋಟೀನನ್ನು ಹರಳುಗಟ್ಟಿಸಿ, ಕ್ಷ-ಕಿರಣಗಳಿಂದ ಅದರ ಆಕಾರವನ್ನು ಕಂಡುಕೊಂಡರು. ಬಳಿಕ ಗಣಕಯಂತ್ರದಲ್ಲಿ ಅದನ್ನು ಹತ್ತನೆಯ ಅಂಶದ ಮಾದರಿಯೊಡನೆ ಜೋಡಿಸಿ ನೋಡಿದರು. ಅದು ನಮ್ಮ ದೋಟಿಯ ಕೊಕ್ಕೆಯಂತೆ: ಒಂದು ಭಾಗ ಹಿಡಿಯುತ್ತದೆ, ಇನ್ನೊಂದು ಕತ್ತರಿಸುತ್ತದೆ. ಪ್ರೋಟೀನಿನ ಆಕಾರವನ್ನು ಗಣಕದಿಂದಲೇ ಮುಂಗಾಣುವ ವಿದ್ಯೆಗೆ 2024ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಸಂದಿತು. ಆದರೂ ಮಾದರಿಯೆಂದರೆ ಊಹೆ. ಅದನ್ನು ಪ್ರಯೋಗಶಾಲೆ ಒಪ್ಪಬೇಕು. ಹಿಡಿತದ ಜಾಗ ತಿಳಿದರೆ ಅದನ್ನು ತಡೆಯುವ ಮದ್ದನ್ನು ಹುಡುಕಬಹುದು.

ನಮ್ಮ ಸೀಮೆಗೆ ಇದು ಬೇಕು. ಈಗಿನ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಮಾತ್ರ ತಯಾರಾದದ್ದು. ತೀರ್ಥಹಳ್ಳಿಯ ಆಗುಂಬೆ ಕಡೆಯ ಕಾಡುಗಳಲ್ಲಿರುವ, ಮೂತಿ ಮೇಲೆದ್ದ ಸಣ್ಣ ಗುಳಿಮಂಡಲವೂ ರಕ್ತವನ್ನು ಕೆಡಿಸಬಲ್ಲದು. ಅದು ಆ ನಾಲ್ಕರಲ್ಲಿ ಸೇರಿಲ್ಲ.

ಓದುಬರಹ ಬಾರದ ಅಜ್ಜನಿಗೆ ಇದನ್ನೆಲ್ಲ ಹೆಪ್ಪಿನ ಹೋಲಿಕೆಯಿಂದಲೇ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಆ ಮೂರು ಗಂಟೆ ಹೆಪ್ಪು ಮುಗೀತಾ ಇತ್ತಲ್ಲೋ ಮಾರಾಯ!” ಎಂದ. ಪಾಠ ಅವನಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು.