ಅಪ್ಪನ ಗಡ್ಡ ಕಲಿಸಿದ್ದು

ಮೂವತ್ತು ವರ್ಷ ದಿನಾ ಬೆಳಿಗ್ಗೆ ಶೇವ್ ಮಾಡಿಕೊಂಡಿದ್ದರೂ ಆ ಕೆಲಸ ನನಗೆ ಸರಿಯಾಗಿ ಬರುತ್ತಿರಲಿಲ್ಲ ಎಂದು ಗೊತ್ತಾದದ್ದು ಅಪ್ಪನಿಗೆ ಲಕ್ವ ಹೊಡೆದ ಮೇಲೆ. ಅವರ ಬಲಗೈ ಬಿದ್ದುಹೋಯಿತು. ಮೇಷ್ಟರಾಗಿದ್ದಷ್ಟು ಕಾಲ ಗಡ್ಡ ಬಿಟ್ಟುಕೊಂಡು ಒಂದು ದಿನವೂ ಶಾಲೆಗೆ ಹೋದವರಲ್ಲ. ಆಸ್ಪತ್ರೆಯಿಂದ ಬಂದ ಮೂರನೇ ದಿನ ಎಡಗೈಯಿಂದ ಕೆನ್ನೆ ಸವರಿಕೊಂಡು ಸುಮ್ಮನೆ ನನ್ನ ಮುಖ ನೋಡಿದರು.

ಮೊದಲ ಎರಡು ವಾರ ನಮ್ಮ ಬೀದಿಯ ಸಲೂನಿನ ಹಿರಿಯರೊಬ್ಬರು ಮನೆಗೇ ಬಂದು ಶೇವ್ ಮಾಡಿದರು. ನಾನು ಪಕ್ಕದಲ್ಲಿ ಬಿಸಿನೀರಿನ ಚೊಂಬು ಹಿಡಿದು ನಿಂತು ನೋಡಿದೆ. ಆಮೇಲೆ ಅಪ್ಪನ ಹಳೆಯ ರೇಜರ್ ನನ್ನ ಕೈಗೆ ಬಂತು. ಮೇಲೊಂದು ಮುಚ್ಚಳ, ಕೆಳಗೊಂದು ತಟ್ಟೆ, ತಿರುಪಿ ಬಿಗಿಮಾಡುವ ಹಿಡಿ, ನಡುವೆ ಎರಡಂಚಿನ ಬ್ಲೇಡ್. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ರೇಜರಿನ ವಂಶದ್ದೇ ಅದು. ನನಗೂ ಅಂಥದ್ದೇ ಇನ್ನೊಂದು ಕೊಂಡೆ. ಈ ನಾಲ್ಕು ವರ್ಷದಲ್ಲಿ ಅಪ್ಪನ ಮುಖದ ಮೇಲೆ ಕಲಿತದ್ದನ್ನು ನನ್ನ ಮುಖಕ್ಕೂ ತಂದುಕೊಂಡಿದ್ದೇನೆ.

1. ಮೊದಲು ಗಡ್ಡ ನೆನೆಯಲಿ

ಸಲೂನಿನ ಹಿರಿಯರು ಬಂದವರೇ ಬ್ಲೇಡ್ ತೆಗೆಯುತ್ತಿರಲಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಅಪ್ಪನ ಕೆನ್ನೆಗೆ ಸುತ್ತಿ, ಊರಿನ ಸುದ್ದಿ ಮಾತಾಡುತ್ತ ಕೂರುತ್ತಿದ್ದರು. ಟವೆಲ್ ಆರಿದರೆ ಮತ್ತೆ ಅದ್ದುತ್ತಿದ್ದರು. "ನೆನೆದ ಗಡ್ಡ ತಾನಾಗೇ ಬರುತ್ತೆ ಸಾರ್, ಒಣ ಗಡ್ಡ ಚರ್ಮ ಕಿತ್ಕೊಂಡು ಬರುತ್ತೆ" ಅಂದರು. ಕೂದಲು ನೀರು ಕುಡಿದು ಮೆತ್ತಗಾಗಲು ಎರಡು ಮೂರು ನಿಮಿಷ ಬೇಕು. ನಾನು ಮೂವತ್ತು ವರ್ಷ ಮುಖಕ್ಕೆ ಎರಡು ಸಲ ನೀರೆರಚಿಕೊಂಡು ಶುರುಮಾಡುತ್ತಿದ್ದೆ. ಈಗ ಸ್ನಾನ ಮುಗಿಸಿ, ಮುಖ ಒರೆಸದೆ, ಹಾಗೇ ಶೇವಿಗೆ ಕೂರುತ್ತೇನೆ. ಈ ಬರಹದಲ್ಲಿ ಒಂದನ್ನೇ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ.

2. ಬೇಳೆ ಬೇಯದ ನೀರಲ್ಲಿ ನೊರೆ ಏಳುವುದಿಲ್ಲ

ಕೆಲಸದ ಮೇಲೆ ಕೆಲವು ವರ್ಷ ಕೊಪ್ಪದಲ್ಲಿದ್ದೆ. ಅಲ್ಲಿಯ ಬಾವಿ ನೀರಿಗೆ ಬ್ರಶ್ ಮುಟ್ಟಿಸಿದರೆ ಸಾಕು, ಬಟ್ಟಲ ತುಂಬ ನೊರೆ. ತಿಪಟೂರು ಕಡೆಯ ನಮ್ಮ ಊರಿಗೆ ಬಂದಾಗ ಅದೇ ಸೋಪು, ಅದೇ ಬ್ರಶ್, ನೊರೆ ಮಾತ್ರ ಮುಖಕ್ಕೆ ಹಚ್ಚುವಷ್ಟರಲ್ಲಿ ಕುಸಿದುಹೋಗುತ್ತಿತ್ತು. ಸೋಪಿನಲ್ಲೇ ಏನೋ ಮೋಸವಿರಬೇಕೆಂದು ಎರಡು ಮೂರು ಬದಲಿಸಿ ನೋಡಿದೆ. ಅಮ್ಮ ಒಂದು ದಿನ, "ಈ ಬೋರ್‌ವೆಲ್ ನೀರಲ್ಲಿ ತೊಗರಿಬೇಳೇನೇ ಬೇಯಲ್ಲ, ನಿನ್ ಸೋಪೇನು ಮಾಡುತ್ತೆ" ಅಂದಾಗ ತಿಳಿಯಿತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಕೂಡಿ ನೀರಲ್ಲಿ ಕರಗದ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಅಂಟುವ ಬೂದು ಜಿಗುಟು ಅದೇ. ಅಷ್ಟು ಸೋಪು ಗಸಿಗೆ ಹೋದ ಮೇಲೆ ನೊರೆಗೆ ಉಳಿಯುವುದು ಕಡಿಮೆ.

ಹಿಂದಿನ ರಾತ್ರಿ ಒಂದು ಚೊಂಬು ನೀರು ಚೆನ್ನಾಗಿ ಕುದಿಸಿ ಇಡುತ್ತೇನೆ. ಹಂಡೆಯ ತಳದಲ್ಲಿ ಕಟ್ಟಿಕೊಳ್ಳುವಂಥ ಬಿಳಿ ಪದರ ಪಾತ್ರೆಯಲ್ಲಿ ಕೂರುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳುತ್ತೇನೆ. ಕುದಿಸಿದರೆ ಗಡಸೆಲ್ಲ ಹೋಗುವುದಿಲ್ಲ, ಒಂದು ಭಾಗ ಹೋಗುತ್ತದೆ. ಮಳೆಗಾಲದಲ್ಲಿ ಮಾಳಿಗೆಯ ಮಳೆನೀರು ಹಿಡಿದುಕೊಂಡರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಒಂದು ಶೇವಿಗೆ ಬೇಕಾದದ್ದು ಎಷ್ಟು, ಅರ್ಧ ಚೊಂಬು.

3. ಸ್ನಾನದ ಸೋಪು ಸಾಲದು

ಸ್ನಾನದ ಸೋಪು ಬೇಗ ನೊರೆ ಕೊಟ್ಟು ಬೇಗ ಒಣಗುತ್ತದೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ ಹೆಚ್ಚು, ಸೋಡಿಯಂ ಜೊತೆಗೆ ಪೊಟ್ಯಾಸಿಯಂ ಕ್ಷಾರವನ್ನೂ ಬಳಸಿರುತ್ತಾರೆ. ಹಾಗಾಗಿ ಅದರ ನೊರೆ ದಟ್ಟವಾಗಿರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಹಂದಿಕೂದಲಿನ ಬ್ರಶ್ಶಾದರೆ ಮೊದಲು ನೀರಲ್ಲಿ ನೆನೆಯಬೇಕು. ಆಮೇಲೆ ಕೊಡವಿ, ಸೋಪಿನ ಮೇಲೆ ಅರ್ಧ ನಿಮಿಷ ಆಡಿಸಿ, ಬಟ್ಟಲಲ್ಲಿ ನೀರನ್ನು ಹನಿಹನಿಯಾಗಿ ಸೇರಿಸುತ್ತ ಕಲಸಬೇಕು. ಗುಳ್ಳೆಗುಳ್ಳೆಯಾಗಿ ಬಟ್ಟೆ ಒಗೆಯುವ ನೊರೆಯಂತೆ ಕಂಡರೆ ಇನ್ನೂ ಆಗಿಲ್ಲ. ಗಟ್ಟಿ ಮೊಸರನ್ನು ಕಡೆದಾಗ ಬರುವ ಹೊಳಪು ಬರಬೇಕು. ಆಗ ಬ್ಲೇಡ್ ಜಾರುತ್ತದೆ.

4. ಸುಳಿ ನೋಡಿ

ರೈತರು ಹೋರಿ ಕೊಳ್ಳುವಾಗ ಮೈಮೇಲಿನ ಸುಳಿ ನೋಡುತ್ತಾರೆ. ಮನುಷ್ಯನ ಗಡ್ಡದಲ್ಲೂ ಸುಳಿ ಇರುತ್ತದೆಂದು ತೋರಿಸಿಕೊಟ್ಟವರು ಆ ಸಲೂನಿನ ಹಿರಿಯರೇ. ನನ್ನ ಬೆರಳನ್ನು ಹಿಡಿದು ಅಪ್ಪನ ಕುತ್ತಿಗೆಯ ಎರಡು ದಿನದ ಗಡ್ಡದ ಮೇಲೆ ನಾಲ್ಕೂ ದಿಕ್ಕಿಗೆ ಆಡಿಸಿದರು. ಬೆರಳು ನುಣ್ಣಗೆ ಜಾರಿದ ಕಡೆಗೆ ಕೂದಲು ಮಲಗಿದೆ, ತಡೆದರೆ ಅದು ಉಲ್ಟಾ. ಕೆನ್ನೆಯಲ್ಲಿ ಕೂದಲು ಕೆಳಮುಖ. ದವಡೆ ದಾಟಿದ ಕೂಡಲೇ ದಾರಿ ಬದಲು. ಬಲಗಡೆ ಕುತ್ತಿಗೆಯಲ್ಲಿ ಕೂದಲು ಕೆಳಗಿನಿಂದ ಮೇಲಕ್ಕೆ, ಓರೆಯಾಗಿ ಕಿವಿಯ ಕಡೆಗೆ ಹೋಗಿತ್ತು. ಎಡಗಡೆ, ಗಂಟಲಿನ ಪಕ್ಕದಲ್ಲಿ ಪೂರಾ ಒಂದು ಸುಳಿ.

ಅವತ್ತು ರಾತ್ರಿ ಕನ್ನಡಿ ಮುಂದೆ ನಿಂತು ನನ್ನ ಕುತ್ತಿಗೆ ಸವರಿಕೊಂಡೆ. ಬಲಗಡೆ ಮೇಲಕ್ಕೆ, ಓರೆಯಾಗಿ. ಎಡಗಡೆ ಅದೇ ಜಾಗದಲ್ಲಿ ಅದೇ ಸುಳಿ. ಅಪ್ಪನ ಮೂಗು ನನಗೆ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ, ಈ ಸುಳಿ ಬಂದದ್ದು ಯಾರಿಗೂ ಗೊತ್ತಿರಲಿಲ್ಲ. ತುಂಬ ಹೊತ್ತು ಅಲ್ಲೇ ನಿಂತಿದ್ದೆ.

ಅಷ್ಟು ವರ್ಷ ನಾನು ಕುತ್ತಿಗೆಯನ್ನು ಮೇಲಿನಿಂದ ಕೆಳಕ್ಕೆ ಹೆರೆಯುತ್ತಿದ್ದೆ. ಎಲ್ಲರ ಮುಖದಲ್ಲೂ ಕೆಳಮುಖವೇ ಸರಿ ದಿಕ್ಕು ಎಂದುಕೊಂಡು, ಮೊದಲ ಸಲಕ್ಕೇ ಉಲ್ಟಾ ಹೋಗುತ್ತಿದ್ದೆ. ಕಾಲರಿನ ಜಾಗದಲ್ಲಿ ಯಾವಾಗಲೂ ಕೆಂಪು, ಬಿಳಿ ಅಂಗಿಗೆ ರಕ್ತದ ಚುಕ್ಕಿ. ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾದ ಕೂದಲು ಹೊರಗೆ ಬರಲಾಗದೆ ಒಳಗೇ ಮಡಿಚಿಕೊಂಡು ಬೆಳೆದು ಗುಳ್ಳೆ ಏಳಿಸುತ್ತದೆ. ಗುಂಗುರು ಗಡ್ಡದವರಿಗೆ ಈ ಕಾಟ ಇನ್ನೂ ಹೆಚ್ಚು. ಈಗ ಮೊದಲ ಸುತ್ತು ಕೂದಲು ಮಲಗಿದ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ಎರಡನೇ ಸುತ್ತು ಅಡ್ಡಕ್ಕೆ. ಮದುವೆ ಮುಂಜಿ ಇದ್ದರೆ ಮಾತ್ರ ಕೆನ್ನೆಗೆ ಉಲ್ಟಾ ಸುತ್ತು. ಕುತ್ತಿಗೆಗೆ ಎಂದೂ ಇಲ್ಲ. ಒಂದು ತಿಂಗಳಲ್ಲಿ ಕೆಂಪು ಹೋಯಿತು.

5. ಒತ್ತಬೇಡಿ

ಪ್ಲಾಸ್ಟಿಕ್ ಹಿಡಿಯ, ತಲೆ ಅಲ್ಲಾಡುವ ರೇಜರುಗಳು ನಮ್ಮ ಕೈಗೆ ಒತ್ತುವ ಅಭ್ಯಾಸ ಹಚ್ಚಿವೆ. ಲೋಹದ ರೇಜರಿಗೆ ಅದರ ತೂಕವೇ ಸಾಕು. ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮುಚ್ಚಳವನ್ನು ಕೆನ್ನೆಗೆ ಚಪ್ಪಟೆಯಾಗಿ ತಾಗಿಸಿ, ಹಿಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತ ಬಂದರೆ ಒಂದು ಕಡೆ ಬ್ಲೇಡ್ ಕೂದಲನ್ನು ಹಿಡಿಯುತ್ತದೆ. ಬ್ಲೇಡಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ. ಅಳತೆ ಬೇಡ, ಕಿವಿ ಸಾಕು. ಓರೆ ಸರಿಯಿದ್ದರೆ ಒಣ ಎಲೆಯ ಮೇಲೆ ನಡೆದಂಥ ಸಣ್ಣ ಸದ್ದು ಬರುತ್ತದೆ. ಶೇವ್ ಮಾಡುವಾಗ ರೇಡಿಯೋ ಆರಿಸಿಬಿಡುತ್ತೇನೆ.

ನನ್ನ ಮುಖದಲ್ಲಿ ಒತ್ತಿದ್ದು ನನಗೆ ತಿಳಿಯುತ್ತಿರಲಿಲ್ಲ. ಅಪ್ಪನ ಮುಖದಲ್ಲಿ ಒತ್ತಿದಾಗ ಅವರ ಎಡಗೈ ಮಂಚದ ಪಟ್ಟಿ ಹಿಡಿದುಕೊಳ್ಳುತ್ತಿತ್ತು. "ಒತ್ತಬೇಡ ಕಣೋ" ಎಂದು ತೊದಲುತ್ತ ಹೇಳುತ್ತಿದ್ದರು. ಅವರ ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿರುವಂತೆ ಶೇವ್ ಮಾಡಲು ನನಗೆ ಎರಡು ತಿಂಗಳು ಹಿಡಿಯಿತು.

6. ಇನ್ನೊಂದು ಕೈಗೂ ಕೆಲಸವಿದೆ

ಎಂಬತ್ತರ ಚರ್ಮ ತೆಳು, ಜೋಲು. ಲಕ್ವ ಹೊಡೆದ ಕಡೆ ಇನ್ನೂ ಜೋಲು. ಅದನ್ನು ಹಿಗ್ಗಿಸದೆ ಬ್ಲೇಡ್ ಎಳೆದರೆ ಮಡಿಕೆಯಲ್ಲಿ ಕಚ್ಚುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಮೇಲಕ್ಕೆ ಎಳೆದರೆ ಕೆನ್ನೆ ಸಮವಾಗುತ್ತದೆ, ಕಿವಿಯ ಹಿಂದಕ್ಕೆ ಎಳೆದರೆ ದವಡೆ. ನೊರೆಯಲ್ಲಿ ಬೆರಳು ಜಾರುತ್ತದಲ್ಲ, ಅದಕ್ಕೆ ಹಸಿ ಪಟಿಕವನ್ನು ಬೆರಳ ತುದಿಗೆ ಉಜ್ಜಿಕೊಳ್ಳಿ, ಹಿಡಿತ ಸಿಗುತ್ತದೆ.

7. ಬ್ಲೇಡಿನ ಆಯಸ್ಸು

ನನ್ನ ಗಡ್ಡಕ್ಕೆ ಒಂದು ಬ್ಲೇಡ್ ನಾಲ್ಕೈದು ಶೇವ್. ಎಳೆದಂತಾಯಿತೋ, ಅಲ್ಲಿಗೆ ಮುಗಿಯಿತು. ಉಕ್ಕು ಕೂದಲಿಗಿಂತ ಸುಮಾರು ಐವತ್ತು ಪಟ್ಟು ಗಟ್ಟಿ, ಆದರೂ ಬ್ಲೇಡ್ ಯಾಕೆ ಮೊಂಡಾಗುತ್ತದೆ ಎಂಬುದನ್ನು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ತೋರಿಸಿದರು. ಅಂಚು ಸವೆಯುವುದಕ್ಕಿಂತ ಹೆಚ್ಚಾಗಿ ಅಲ್ಲಲ್ಲಿ ಸಣ್ಣಗೆ ಚಕ್ಕೆ ಏಳುತ್ತದೆ. ಕೂದಲು ಬಾಗಿ, ಉಕ್ಕಿನ ಒಳರಚನೆ ಏರುಪೇರಾಗಿರುವ ಕಡೆ ಅಂಚಿಗೆ ತಾಗಿದಾಗ ಹೀಗಾಗುತ್ತದೆ. ಅಂಚಿಗೆ ತೆಳುವಾದ ಲೇಪವಿರುವುದರಿಂದ ಬ್ಲೇಡನ್ನು ಟವೆಲಿನಿಂದ ಒರೆಸಬಾರದು, ನೀರಲ್ಲಿ ಆಡಿಸಿ ಕೊಡವಿದರೆ ಸಾಕು.

ಅಪ್ಪನ ಕಾಲದಲ್ಲಿ ಹಳೆ ಬ್ಲೇಡ್ ಅರ್ಧ ಮುರಿದು ಪೆನ್ಸಿಲ್ ಚೂಪು ಮಾಡಲು, ಹೊಲಿಗೆ ಬಿಚ್ಚಲು ಬಳಸುತ್ತಿದ್ದೆವು. ಈಗ ನಮ್ಮ ಮನೆಯಲ್ಲಿ ಅವು ಮುಚ್ಚಳಕ್ಕೆ ಸೀಳು ಕೊಯ್ದ ಒಂದು ತಗಡಿನ ಡಬ್ಬಿಗೆ ಹೋಗುತ್ತವೆ. ಕಸ ಬೇರ್ಪಡಿಸುವ ಪೌರಕಾರ್ಮಿಕರ ಬೆರಳಿಗೆ ಬಿಡಿ ಬ್ಲೇಡ್ ಸಿಗಬಾರದು. ಇದರಲ್ಲಿ ರಿಯಾಯಿತಿಯೇ ಇಲ್ಲ.

8. ಪಟಿಕ

ಕೆಸರು ನೀರು ತಿಳಿಯಾಗಲು ಬಿಂದಿಗೆಯಲ್ಲಿ ಆಡಿಸುತ್ತಿದ್ದ ಅದೇ ಪಟಿಕ. ಶೇವ್ ಮುಗಿದ ಮೇಲೆ ತಣ್ಣೀರಲ್ಲಿ ಮುಖ ತೊಳೆದು ಸವರಿದರೆ ಸಣ್ಣ ಗೀರುಗಳ ರಕ್ತ ಕಟ್ಟುತ್ತದೆ. ಜೊತೆಗೆ ಎಲ್ಲಿ ಒತ್ತಿದ್ದೀರಿ ಎಂಬುದನ್ನೂ ಹೇಳುತ್ತದೆ, ಉರಿಯುವ ಜಾಗವೇ ತಪ್ಪಾದ ಜಾಗ. ಅಪ್ಪ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಮ್ಮೆ ಗದ್ದದ ಮೇಲೆ ಸಾಸಿವೆಯಷ್ಟು ಗಾಯವಾಗಿ ಹತ್ತು ನಿಮಿಷವಾದರೂ ನಿಲ್ಲಲಿಲ್ಲ, ಶುಭ್ರವಾದ ಬಟ್ಟೆ ಒತ್ತಿ ಹಿಡಿದೇ ಕೂತಿದ್ದೆ. ಅಂಥವರಿಗೆ ಶೇವ್ ಮಾಡುವವರು ಒಂದೇ ಸುತ್ತಿಗೆ ನಿಲ್ಲಿಸಿ, ಪೂರ್ತಿ ನುಣುಪು ಬೇಡ. ರೇಜರ್, ಬ್ಲೇಡ್, ಪಟಿಕ ಮನೆಯವರೊಳಗೂ ಒಬ್ಬರದು ಇನ್ನೊಬ್ಬರಿಗೆ ಬೇಡ. ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು.

9. ಹೊತ್ತು ಕೊಡಿ

ನನ್ನ ಶೇವಿಗೆ ಹದಿನೈದು ನಿಮಿಷ, ಅಪ್ಪನದಕ್ಕೆ ಅರ್ಧ ಗಂಟೆ. ಬೆಳಿಗ್ಗೆ ಹಜಾರದ ಕಿಟಕಿಯ ಬಿಸಿಲು ಬೀಳುವ ಕಡೆ ಕುರ್ಚಿ ಹಾಕುತ್ತೇನೆ. ಎಲ್ಲ ಮುಗಿದು ಮುಖ ಒರೆಸಿದ ಮೇಲೆ ಅಪ್ಪ ಎಡಗೈ ಎತ್ತಿ ಕೆನ್ನೆ, ಗದ್ದ, ಕುತ್ತಿಗೆಯ ಸುಳಿ ಎಲ್ಲವನ್ನೂ ನಿಧಾನವಾಗಿ ಸವರಿ ನೋಡುತ್ತಾರೆ, ಹಿಂದೆ ಕಾಪಿ ಪುಸ್ತಕ ತಿದ್ದುವಾಗ ಬೆರಳಿಟ್ಟು ಓದುತ್ತಿದ್ದ ಹಾಗೆ. ನಾನು ರೇಜರ್ ತೊಳೆಯದೆ ಕಾಯುತ್ತೇನೆ.

"ಕಿವಿ ಕೆಳಗೆ ಒಂದಿಷ್ಟು ಉಳಿದಿದೆ ನೋಡು" ಎನ್ನುತ್ತಾರೆ. ಬಟ್ಟಲಲ್ಲಿ ನೊರೆ ಇನ್ನೂ ಇರುತ್ತದೆ.