ಅಳತೆಯ ಬೆಳಕು: ಎಳೆಯರ ಸೋರಿಯಾಸಿಸ್ ಮತ್ತು ಅದರ ಚಿಕಿತ್ಸೆ

ಚರ್ಮವು ಎಡೆಬಿಡದೆ ಹೊಸತಾಗುತ್ತಿರುವ ಜೀವಂತ ಗೋಡೆ. ಹೊರಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶವು ಮೆಲ್ಲಮೆಲ್ಲನೆ ಮೇಲೇರಿ, ಚಪ್ಪಟೆಯಾಗಿ, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರಿಹೋಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಎಂಬ ವ್ಯಾಧಿಯಲ್ಲಿ ಅದು ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ರಾಶಿಬಿದ್ದು, ಕೆಂಪು ಮಚ್ಚೆಗಳ ಮೇಲೆ ಬೆಳ್ಳಿಬಣ್ಣದ ಹೊಟ್ಟಿನ ಪದರಗಳಾಗುತ್ತವೆ. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಂದಾಗಿಯೋ ನೇರಿಳೆಯಾಗಿಯೋ ಕಾಣುವುದುಂಟು.

ಇದು ಅಂಟುರೋಗವೇ? ಖಂಡಿತವಾಗಿಯೂ ಅಲ್ಲ. ಇಲ್ಲಿ ರೋಗಾಣುವೊಂದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ದೇಹವನ್ನು ಕಾಯಬೇಕಾದ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಅಕಾರಣವಾಗಿ ಕೆರಳಿ, ಇಂಟರ್‌ಲ್ಯೂಕಿನ್-17 ಮೊದಲಾದ ರಾಸಾಯನಿಕ ಸಂದೇಶಗಳ ಮೂಲಕ ಚರ್ಮದ ಕೋಶಗಳನ್ನು ಬೇಗಬೇಗನೆ ವೃದ್ಧಿಹೊಂದುವಂತೆ ಪ್ರಚೋದಿಸುತ್ತವೆ. ಇದಕ್ಕೆ ಅನುವಂಶೀಯ ಒಲವೂ ಉಂಟು. ರೋಗಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಇದು ಇಪ್ಪತ್ತು ವರ್ಷ ತುಂಬುವ ಮೊದಲೇ ತಲೆದೋರುತ್ತದೆ. ಮಕ್ಕಳಲ್ಲಿ ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಗಂಟಲು ಕೆಟ್ಟ ಕೆಲವು ವಾರಗಳಲ್ಲಿ ಮೈತುಂಬ ಹನಿಹನಿಯಾದ ಮಚ್ಚೆಗಳು ಏಳುವುದೂ ಉಂಟು. ತರಚುಗಾಯವಾದಲ್ಲಿಯೂ ಹೊಸ ಮಚ್ಚೆ ಹುಟ್ಟಬಹುದು. 19ನೆಯ ಶತಮಾನದಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ಕೋಬ್ನರನ ಹೆಸರು ಈ ಲಕ್ಷಣಕ್ಕೆ ಅಂಟಿಕೊಂಡಿದೆ.

ರೋಗವು ಅಲ್ಪವಾಗಿದ್ದರೆ ಲೇಪನಗಳೇ ಸಾಕು. ಚರ್ಮವನ್ನು ಮೃದುವಾಗಿಡುವ ಮುಲಾಮು, ವೈದ್ಯರು ಸೂಚಿಸಿದ ಶಕ್ತಿಯ ಸ್ಟಿರಾಯ್ಡ್ ಲೇಪ, ವಿಟಮಿನ್ ಡಿ ವರ್ಗದ ಕ್ಯಾಲ್ಸಿಪೊಟ್ರಿಯಾಲ್, ಇವು ಮೊದಲ ಮೆಟ್ಟಿಲು. ಮಕ್ಕಳ ಚರ್ಮ ತೆಳುವಾದುದರಿಂದಲೂ, ತೂಕಕ್ಕೆ ಹೋಲಿಸಿದರೆ ಅವರ ಮೈಯ ವಿಸ್ತೀರ್ಣ ಹೆಚ್ಚಾದುದರಿಂದಲೂ, ಹಚ್ಚಿದ ಔಷಧಿಯು ರಕ್ತವನ್ನು ಸೇರುವ ಪ್ರಮಾಣ ದೊಡ್ಡವರಿಗಿಂತ ಅಧಿಕ. ಆದಕಾರಣ ಅಂಗಡಿಯಿಂದ ತಾವೇ ತಂದ ಮುಲಾಮನ್ನು ತಿಂಗಳುಗಟ್ಟಲೆ ಬಳಿಯುವುದು ಅಪಾಯಕರ.

ಲೇಪನಕ್ಕೆ ಬಗ್ಗದ ರೋಗಕ್ಕೆ ಮದ್ದು ಯಾವುದು? ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಕೌತುಕದ ಸಂಗತಿ ಇಲ್ಲಿಂದ ಆರಂಭವಾಗುತ್ತದೆ. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಬಹುಮಾನ ಪಡೆದನು. 1925ರಲ್ಲಿ ಅಮೆರಿಕದ ಗೊಕರ್‌ಮನ್ ಸೋರಿಯಾಸಿಸ್ಸಿಗೆ ಕಲ್ಲಿದ್ದಲ ಟಾರನ್ನೂ ಅತಿನೇರಿಳೆ ಕಿರಣಗಳನ್ನೂ ಜೊತೆಗೂಡಿಸಿದನು. ಆದರೆ ಅತಿನೇರಿಳೆ ಎಂಬುದು ವಿಶಾಲವಾದ ಪಟ್ಟಿ. ಅದರಲ್ಲಿ ಗುಣಕಾರಿ ಯಾವುದು, ಸುಡುವುದು ಯಾವುದು? 1981ರಲ್ಲಿ ಪ್ಯಾರಿಶ್ ಮತ್ತು ಯೆನಿಕೆ ಎಂಬವರು ಒಂದೊಂದೇ ತರಂಗಾಂತರವನ್ನು ಪ್ರತ್ಯೇಕವಾಗಿ ಪರೀಕ್ಷಿಸಿದರು. 290 ನ್ಯಾನೋಮೀಟರ್ ಮತ್ತು ಅದಕ್ಕಿಂತ ಕಿರಿದಾದ ಕಿರಣಗಳು ಚರ್ಮವನ್ನು ಸುಟ್ಟವೇ ಹೊರತು ಮಚ್ಚೆಯನ್ನು ಅಳಿಸಲಿಲ್ಲ. 296ರಿಂದ 313 ನ್ಯಾನೋಮೀಟರ್‌ವರೆಗಿನವು ಅಳಿಸಿದವು. ಇವುಗಳಲ್ಲಿ ತರಂಗಾಂತರ ಹೆಚ್ಚಿದಂತೆ ಸುಡುವ ಗುಣ ತೀವ್ರವಾಗಿ ಕುಗ್ಗುವುದರಿಂದ, ಕೊನೆಯ ತುದಿಯೇ ಚಿಕಿತ್ಸೆಗೆ ಮೇಲು. ಪ್ರಕೃತಿಯ ಉಪಕಾರವೆಂಬಂತೆ ಗ್ಯಾಡೊಲಿನಿಯಮ್ ಎಂಬ ಧಾತುವಿನ ಅಯಾನು ಸುಮಾರು 311 ನ್ಯಾನೋಮೀಟರಿನ ಬೆಳಕನ್ನೇ ಸೂಸುತ್ತದೆ. ಅದನ್ನು ಒಳಗೆ ಲೇಪಿಸಿದ ಕೊಳವೆದೀಪಗಳು 1980ರ ದಶಕದಲ್ಲಿ ಬಳಕೆಗೆ ಬಂದವು.

ಈ ಬೆಳಕಿನ ಒಂದು ಫೋಟಾನಿನ ಶಕ್ತಿಯನ್ನು ನೀವೇ ಲೆಕ್ಕಹಾಕಬಹುದು: 1240ನ್ನು 311ರಿಂದ ಭಾಗಿಸಿದರೆ ಸುಮಾರು 4 ಎಲೆಕ್ಟ್ರಾನ್ ವೋಲ್ಟ್. ಅದು ಕೋಶದ ಡಿ.ಎನ್.ಎ. ಅಣುವಿನಲ್ಲಿ ಬದಲಾವಣೆ ತರಬಲ್ಲುದು. ಇದರಿಂದ ಕೆರಳಿದ ಟಿ-ಕೋಶಗಳು ಸಾಯುತ್ತವೆ. ಚರ್ಮಕೋಶಗಳ ಅವಸರದ ವಿಭಜನೆ ತಗ್ಗುತ್ತದೆ.

ಇನ್ನು ಪ್ರಮಾಣದ ಮಾತು. ಚರ್ಮದ ಪ್ರತಿ ಚದರ ಸೆಂಟಿಮೀಟರಿನ ಮೇಲೆ 5 ಮಿಲಿವಾಟ್ ಬೀಳುತ್ತಿದೆಯೆಂದೂ, ವೈದ್ಯರು ವಿಧಿಸಿದ್ದು 300 ಮಿಲಿಜೂಲ್ ಎಂದೂ ಭಾವಿಸೋಣ. ರೋಗಿಯು 60 ಸೆಕೆಂಡು ನಿಲ್ಲಬೇಕು. ದೀಪಗಳು ಹಳತಾಗಿ 4 ಮಿಲಿವಾಟಿಗೆ ಇಳಿದರೆ 75 ಸೆಕೆಂಡು ಬೇಕು. ಆಮೇಲೆ 6 ಮಿಲಿವಾಟ್ ಕೊಡುವ ಹೊಸ ದೀಪಗಳನ್ನು ಜೋಡಿಸಿ, ಅದೇ 75 ಸೆಕೆಂಡು ನಿಲ್ಲಿಸಿದರೆ? 450 ಮಿಲಿಜೂಲ್ ಬಿದ್ದು ಮಗುವಿನ ಮೈ ಸುಟ್ಟೀತು! ಅಳೆಯುವ ಮಾಪಕವೂ ಇಲ್ಲಿ ಮದ್ದಿನಷ್ಟೇ ಮುಖ್ಯ.

ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಕೆಲವು ತಿಂಗಳು ನಡೆಯುತ್ತದೆ. ಕಣ್ಣಿಗೆ ರಕ್ಷಕ ಕನ್ನಡಕ ಕಡ್ಡಾಯ. ದೀಪದ ಪೆಟ್ಟಿಗೆಯೊಳಗೆ ಅಂಜದೆ, ಅಲುಗದೆ ನಿಲ್ಲಬಲ್ಲ ವಯಸ್ಸಿನ ಮಕ್ಕಳಿಗಷ್ಟೇ ಇದು ಒಗ್ಗುತ್ತದೆ. ಡಿ.ಎನ್.ಎ.ಗೆ ತಾಗುವ ಬೆಳಕಾದುದರಿಂದ, ಮುಂದೆ ದೀರ್ಘ ಆಯುಸ್ಸುಳ್ಳ ಎಳೆಯರಲ್ಲಿ ಒಟ್ಟು ಪ್ರಮಾಣದ ಲೆಕ್ಕವನ್ನು ಇಡಲೇಬೇಕು. ಬಿಸಿಲೇ ಪುಕ್ಕಟೆಯಾಗಿ ಸಿಗುವಾಗ ದೀಪವೇಕೆ ಎನ್ನುವವರುಂಟು. ಬಿಸಿಲಿನಿಂದ ಅನೇಕರಿಗೆ ಹಿತವಾಗುವುದು ನಿಜ. ಆದರೆ ಅದಕ್ಕೆ ಅಳತೆಯಿಲ್ಲ, ಮತ್ತು ಸುಟ್ಟ ಜಾಗದಲ್ಲಿಯೇ ಹೊಸ ಮಚ್ಚೆ ಏಳಬಹುದು.

ರೋಗ ತೀವ್ರವಾದಾಗ ಮೆಥೊಟ್ರೆಕ್ಸೇಟ್ ಮುಂತಾದ ಔಷಧಿಗಳನ್ನು ರಕ್ತಪರೀಕ್ಷೆ ಮಾಡಿಸುತ್ತ ಕೊಡುತ್ತಾರೆ. ಇದು ವಾರಕ್ಕೊಮ್ಮೆಯ ಔಷಧಿ. ದಿನವೂ ನುಂಗಿದರೆ ಪ್ರಾಣಾಪಾಯ. ಕೆರಳಿದ ಸಂದೇಶಗಳನ್ನೇ ತಡೆಯುವ ಜೈವಿಕ ಚುಚ್ಚುಮದ್ದುಗಳೂ ಈಗ ಇವೆ; ಅವುಗಳಲ್ಲೊಂದಾದ ಎಟನರ್ಸೆಪ್ಟನ್ನು ನಾಲ್ಕು ವರ್ಷ ಮೇಲ್ಪಟ್ಟ ಮಕ್ಕಳ ಸೋರಿಯಾಸಿಸ್ಸಿಗೆ ಬಳಸಲು ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು. ಸ್ಟಿರಾಯ್ಡ್ ಮಾತ್ರೆಗಳ ವಿಷಯದಲ್ಲಿ ಮಾತ್ರ ಎಚ್ಚರ: ಅವನ್ನು ನುಂಗಿ ಥಟ್ಟನೆ ನಿಲ್ಲಿಸಿದಾಗ ರೋಗವು ಕೀವುಗುಳ್ಳೆಗಳ ಉಗ್ರರೂಪ ತಾಳಬಹುದು.

ಸೋರಿಯಾಸಿಸ್ಸನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ. ಹತೋಟಿಯಲ್ಲಿಡುವ ಮಾರ್ಗಗಳು ಹಲವಿವೆ. ಬೆಳೆಯುವ ವಯಸ್ಸಿನವರನ್ನು ತುರಿಕೆಗಿಂತಲೂ ಹೆಚ್ಚು ನೋಯಿಸುವುದು ಸುತ್ತಲಿನವರ ಅಸಹ್ಯದ ನೋಟ. ನಾಚಿಕೆಯಿಂದ ಆಟವನ್ನೂ ಗೆಳೆತನವನ್ನೂ ತೊರೆಯುವ ಮಕ್ಕಳುಂಟು. ಇಂಥ ಸಹಪಾಠಿಯ ಪಕ್ಕದಲ್ಲಿ ಕುಳಿತು ಬುತ್ತಿ ಹಂಚಿಕೊಂಡರೆ ನಿಮಗೆ ಯಾವ ಅಪಾಯವೂ ಇಲ್ಲ. ಈ ಒಂದು ಸತ್ಯವನ್ನು ತರಗತಿಯ ಎಲ್ಲರಿಗೂ ತಿಳಿಸುವುದು ವಿಜ್ಞಾನದ ವಿದ್ಯಾರ್ಥಿಗಳಾದ ನಿಮ್ಮಿಂದ ಆಗುವ ಕೆಲಸ.