‘ನೋ ಗ್ರೋತ್’ ಎಂದು ಬರೆಯುವ ಮುನ್ನ

ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ದಿನವೂ ಬರೆಯುವ ರಿಪೋರ್ಟು ‘ನೋ ಗ್ರೋತ್’. ಆ ಎರಡು ಪದಗಳನ್ನು ನಂಬಿ ಡಾಕ್ಟರು ಆಂಟಿಬಯಾಟಿಕ್ ನಿಲ್ಲಿಸಬಹುದು. ಇದು ಸೋಂಕಲ್ಲ, ಸಂಧಿವಾತ ಎಂದು ಸ್ಟೀರಾಯ್ಡ್ ಶುರು ಮಾಡಲೂಬಹುದು.

ಒಮ್ಮೆ ಊದಿದ ಮೊಣಕಾಲಿನಿಂದ ತೆಗೆದ ದ್ರವ ಬಂತು. ಗ್ರಾಮ್ ಸ್ಟೇನ್ ಮಾಡಿ ನೋಡಿದರೆ ಸ್ಲೈಡಿನ ತುಂಬ ಕೀವುಕಣಗಳು, ನಡುನಡುವೆ ಸರ ಪೋಣಿಸಿದ ಹಾಗೆ ನೇರಳೆ ಕಾಕೈ, ಅಂದರೆ ದುಂಡು ಬ್ಯಾಕ್ಟೀರಿಯಾ. ಬ್ಲಡ್ ಅಗರ್ ಪ್ಲೇಟು ಮಾತ್ರ 48 ಗಂಟೆಯಾದರೂ ಖಾಲಿ. ಇಂಥಲ್ಲಿ ಮೊದಲು ಅನುಮಾನಿಸಬೇಕಾದ್ದು ಆಗಲೇ ಕೊಟ್ಟಿರಬಹುದಾದ ಆಂಟಿಬಯಾಟಿಕ್ಕನ್ನು. ರೋಗಿಗೆ ಅದನ್ನು ಕೊಟ್ಟಿರಲಿಲ್ಲ. ವಾರ್ಡಿಗೆ ಫೋನ್ ಮಾಡಿ, ಸ್ಯಾಂಪಲ್ ಹೇಗೆ ತೆಗೆದಿರಿ ಎಂದು ಕೇಳಿದೆ. “ನೋವಾಗಬಾರದು ಅಂತ ಲಿಗ್ನೋಕೇನ್ ಕೊಟ್ವಿ ಮೇಡಂ. ಕೀಲಿನೊಳಗೂ ಸ್ವಲ್ಪ ಹೋಯ್ತು, ಅದೇ ಸಿರಿಂಜಲ್ಲೇ ಎಳೆದ್ವಿ” ಎಂದರು ಕಿರಿಯ ಡಾಕ್ಟರು. ಚರ್ಮವನ್ನಷ್ಟೇ ಮರಗಟ್ಟಿಸಿ, ಹೊಸ ಸಿರಿಂಜಿನಲ್ಲಿ ಮತ್ತೆ ತೆಗೆದು ಕಳಿಸಿದಾಗ ಸ್ಟ್ರೆಪ್ಟೊಕಾಕಸ್ ಬೆಳೆಯಿತು. ಇದೊಂದೇ ಕೇಸಿನಿಂದ ಲಿಗ್ನೋಕೇನೇ ಕಾರಣವೆಂದು ಸಾಧಿಸಲಾಗದು. ಆದರೂ ಅಂದಿನಿಂದ ನಾನು ಆ ಪ್ರಶ್ನೆ ಕೇಳದೆ ಬಿಟ್ಟಿಲ್ಲ.

ಲಿಗ್ನೋಕೇನ್ ನರಗಳ ಸೋಡಿಯಂ ಚಾನೆಲ್ ಮುಚ್ಚಿ ನೋವು ತಡೆಯುವುದು ಎಲ್ಲರಿಗೂ ಗೊತ್ತು. ಬ್ಯಾಕ್ಟೀರಿಯಾದ ಮೇಲೆ ಅದರ ಪೆಟ್ಟು ಮುಖ್ಯವಾಗಿ ಜೀವಕೋಶದ ಪೊರೆಗೆ ಬೀಳುತ್ತದೆ. ಪೊರೆ ಕೆಟ್ಟು ಒಳಗಿನದು ಹೊರಗೆ ಸೋರುತ್ತದೆ. ಲಿಗ್ನೋಕೇನ್, ಪ್ರೊಕೇನ್‌ಗಳ ಬ್ಯಾಕ್ಟೀರಿಯಾ ತಡೆಯುವ ಗುಣವನ್ನು ಶ್ಮಿಟ್ ಮತ್ತು ರೋಸೆನ್‌ಕ್ರಾನ್ಜ್ 1970ರಲ್ಲೇ ವರದಿ ಮಾಡಿದ್ದರು. ಬುಪಿವಕೇನ್‌ಗೂ ಇದೇ ಗುಣವಿದೆ, ರೋಪಿವಕೇನ್‌ನದು ದುರ್ಬಲ. ಎಲ್ಲ ಬ್ಯಾಕ್ಟೀರಿಯಾಗಳೂ ಒಂದೇ ರೀತಿ ಬಗ್ಗುವುದಿಲ್ಲ. ಮದ್ದು ಗಟ್ಟಿಯಾದಷ್ಟೂ, ಸ್ಯಾಂಪಲ್ ಅದರೊಂದಿಗೆ ಹೆಚ್ಚು ಹೊತ್ತು ಇದ್ದಷ್ಟೂ ಪರಿಣಾಮ ಹೆಚ್ಚು. ಮಧ್ಯಾಹ್ನ ಎಳೆದ ಸಿರಿಂಜು ಸಂಜೆವರೆಗೆ ನರ್ಸಿಂಗ್ ಸ್ಟೇಷನ್ನಿನಲ್ಲೇ ಬಿದ್ದಿರುವುದನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಲವು ಸಲ ಚುಚ್ಚಿ ಬಳಸುವ 30 ಮಿ.ಲೀ. ಲಿಗ್ನೋಕೇನ್ ವಯಲ್‌ಗಳಲ್ಲಿ ಸಾಮಾನ್ಯವಾಗಿ ಮೀಥೈಲ್‌ಪ್ಯಾರಬೆನ್ ಇರುತ್ತದೆ. ವಯಲ್ಲಿನೊಳಗೆ ಸೂಕ್ಷ್ಮಜೀವಿ ಬೆಳೆಯಬಾರದೆಂದೇ ಅದನ್ನು ಸೇರಿಸುವುದು. ಅದು ಸ್ಯಾಂಪಲ್ಲಿಗೆ ಬೆರೆತರೆ ಅಲ್ಲೂ ತನ್ನ ಕೆಲಸ ಮಾಡದೇ ಇದ್ದೀತೇ? ಲೇಬಲ್ ಓದಿ, ಸಾಧ್ಯವಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಬಳಸಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಸತ್ತ ಬ್ಯಾಕ್ಟೀರಿಯಾವೂ ಸ್ಲೈಡಿನಲ್ಲಿ ಬಣ್ಣ ಹೀರಬಲ್ಲದು, ಬೆಳೆಯಲಾರದು ಅಷ್ಟೇ. ಹಾಗಾಗಿ ಸ್ಲೈಡಿನಲ್ಲಿ ಕಂಡದ್ದು ಪ್ಲೇಟಿನಲ್ಲಿ ಬಾರದಿದ್ದಾಗ, ಸ್ಲೈಡಿನಲ್ಲಿ ಏನು ಕಂಡಿತೆಂದು ರಿಪೋರ್ಟಿನಲ್ಲಿ ಬರೆಯಲೇಬೇಕು; ಡಾಕ್ಟರಿಗೆ ಫೋನೂ ಮಾಡಬೇಕು.

ಮದ್ದು ಕೊಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ರೋಗಿ ನೋವು ತಿನ್ನಬೇಕಾಗಿಲ್ಲ. ಚರ್ಮಕ್ಕೂ ಅದರ ಕೆಳಪದರಕ್ಕೂ ಕೊಟ್ಟು, ಕೀಲಿಗೋ ಕೀವಿನ ಗಡ್ಡೆಗೋ ಬೇರೆ ಸೂಜಿ, ಬೇರೆ ಸಿರಿಂಜು ಹಾಕಿದರೆ ಸಾಕು. ಕೀಲಿನ ದ್ರವವನ್ನು ಸ್ವಲ್ಪ ಬ್ಲಡ್ ಕಲ್ಚರ್ ಬಾಟಲಿಗೂ ಹಾಕಿದರೆ ಅಲ್ಲಿನ ಬ್ರಾತ್‌ನಲ್ಲಿ ಮದ್ದು ತೆಳುವಾಗುತ್ತದೆ. ಬ್ರಾಂಕೋಸ್ಕೋಪಿಯಲ್ಲಿ ಮಾತ್ರ ಇದು ಇಷ್ಟು ಸಲೀಸಲ್ಲ: ಕೆಮ್ಮು ತಡೆಯಲು ಲಿಗ್ನೋಕೇನನ್ನು ಶ್ವಾಸನಾಳದೊಳಗೇ ಬಿಡಬೇಕು. ತೊಳೆಯಲು ಬಿಡುವ ಸಲೈನ್ ಅದನ್ನು ತೆಳು ಮಾಡುತ್ತದಾದರೂ, ಎಷ್ಟು ಕೊಟ್ಟಿರೆಂದು ಫಾರ್ಮಿನಲ್ಲಿ ಬರೆದು ಕಳಿಸಿ ಎಂದು ಕೇಳುತ್ತೇನೆ. ಈಗೀಗ ಕೆಲವರು ಬರೆಯುತ್ತಿದ್ದಾರೆ.